ವಾರ್ಲಿಕ್ ಸಾಹೇಬರ ಮನೆಯಲ್ಲಿ ನನ್ನ ವಕಾಲತ್ತು

ಮಾರ್ಚ್ 9, 1996, ಶನಿವಾರ

ಕೊನೆಗೂ ನನಗೊಂದು ಕೆಲಸ ಸಿಕ್ಕಿತು. ತೀರಿಕೊಂಡು ನೂರೆಪ್ಪತ್ತು ವರ್ಷ ದಾಟಿದ ವಕೀಲರೊಬ್ಬರ ಮನೆಯನ್ನು ಬಂದವರಿಗೆ ತೋರಿಸುವುದು. ಸಂಬಳ ಇಲ್ಲ. ಎಚ್-ಫೋರ್ ವೀಸಾದ ಹೆಂಡತಿ ಸಂಬಳ ಮುಟ್ಟಿದರೆ ಗಂಡನನ್ನೂ ಸೇರಿಸಿ ಊರಿಗೆ ಅಟ್ಟುತ್ತಾರೆಂದು ನನ್ನ ಗಂಡ ರವಿ ಹೆದರಿಸಿದ್ದಾನೆ. ಅವನ ಕಂಪನಿಯವರು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ ದಿನದಿಂದ ನಾನು ಜೋರಾಗಿ ಸೀನಿದರೂ ಅವನಿಗೆ ಗಾಬರಿ.

ವಕೀಲರ ಹೆಸರು ಎಫ್ರಾಯಿಂ ವಾರ್ಲಿಕ್. ಈ ದೇಶ ಹುಟ್ಟಿದ ಹೊಸದರಲ್ಲಿ ಇಲ್ಲಿ ಲಾ ಕಾಲೇಜು ಹುಡುಕಿದರೂ ಸಿಗುತ್ತಿರಲಿಲ್ಲವಂತೆ. ವಕೀಲರಾಗಬೇಕೆಂದ ಹುಡುಗರು ಇವರ ಮನೆಗೆ ಬಂದು, ಅಟ್ಟದ ಮೇಲೆ ಮಲಗಿ, ಇವರ ಊಟ ಉಂಡು, ಊಟದ ಹಾಲಿನಲ್ಲೇ ಬೆಂಚು ಹಾಕಿಕೊಂಡು ಕಾನೂನು ಕಲಿಯುತ್ತಿದ್ದರು. ಶುಕ್ರವಾರ ಸಂಜೆ ಅದೇ ಹಾಲಿನಲ್ಲಿ ಅಣಕು ನ್ಯಾಯಾಲಯ. ಮನೆ ಇರುವುದು ಹಾರ್ಲೋ ಕ್ರೀಕ್ ಎಂಬ ಪುಟ್ಟ ಊರಿನಲ್ಲಿ, ನಾವಿರುವ ಕ್ಯಾರಿ ಊರಿನಿಂದ ಕಾರಿನಲ್ಲಿ ಮುಕ್ಕಾಲು ಗಂಟೆ. ಲೈಬ್ರರಿಯ ಗೋಡೆಯ ಮೇಲೆ ಜಾಹೀರಾತು ನೋಡಿ ಹೇಳಿದವರು ವಸಂತಾ ಆಂಟಿ. ಅವರು ನಮ್ಮ ಕನ್ನಡ ಸಂಘದ ಅಡುಗೆ ಕಮಿಟಿಯ ಸರ್ವಾಧಿಕಾರಿ. "ಮನೇಲಿ ಕೂತು ಗಂಡನ ತಲೆ ತಿನ್ನೋ ಬದಲು ಸತ್ತೋರ ತಲೆ ತಿನ್ನು ಹೋಗು" ಎಂದರು.

ಮನೆಯ ಉಸ್ತುವಾರಿ ಲೋರೇನ್ ಟಿಲ್ಲೆರಿ ಎಂಬ ಹೆಂಗಸು. ಅರವತ್ತರ ಆಸುಪಾಸು, ಕೊರಳಲ್ಲಿ ಮುತ್ತಿನ ಸರ, ಮಾತಿಗೆ ಮೊದಲು ಒಂದು ಲೋಟ ಸಿಹಿ ಐಸ್ ಟೀ. ಮೈಸೂರಿನಲ್ಲಿ ನಾಲ್ಕು ವರ್ಷ ವಕೀಲಳಾಗಿದ್ದೆ ಎಂದೆ. ಆಕೆಗೆ ಎಷ್ಟು ಖುಷಿಯಾಯಿತೆಂದರೆ ಇನ್ನೊಂದು ಲೋಟ ಟೀ ಕುಡಿಸಿದರು.

ಮಾರ್ಚ್ 16, ಶನಿವಾರ

ವೇಷ ಕೊಟ್ಟರು. ನೆಲ ಗುಡಿಸುವ ಲಂಗ, ತಲೆಗೆ ನೆರಿಗೆಯ ಬಿಳಿ ಟೋಪಿ. ನನ್ನ ಜಡೆ ಟೋಪಿಯೊಳಗೆ ಹಿಡಿಸಲಾರದೆ ಹಿಂದೆ ಇಣುಕುತ್ತದೆ. ಕರೆದುಕೊಂಡು ಹೋಗಲು ಬಂದ ರವಿ ನೋಡಿ ಕಾರಿನ ಸ್ಟೀರಿಂಗಿಗೆ ಹಣೆ ಇಟ್ಟು ನಕ್ಕ. ದಾರಿಯುದ್ದಕ್ಕೂ ನಾನು ಅವನನ್ನು ಮಾತಾಡಿಸಲಿಲ್ಲ.

ಒಂದು ಸ್ಕ್ರಿಪ್ಟ್ ಕೂಡ ಇದೆ, ಅಕ್ಷರ ಬಿಡದೆ ಒಪ್ಪಿಸಬೇಕು. ವಾರ್ಲಿಕ್ ಸಾಹೇಬರ ಕುದುರೆಗೇ ಅದರಲ್ಲಿ ಒಂದು ಪ್ಯಾರಾ. ಹೆಂಡತಿ ಪೇಷನ್ಸ್‌ಗೆ ಒಂದೇ ಸಾಲು: "ಒಂಬತ್ತು ಮಕ್ಕಳನ್ನು ಹೆತ್ತರು, ಮನೆಯ ಸೇವಕರ ನೆರವಿನಿಂದ ವಿದ್ಯಾರ್ಥಿಗಳ ಊಟೋಪಚಾರ ನೋಡಿಕೊಂಡರು." ಕುದುರೆ ಎಷ್ಟು ಮರಿ ಹಾಕಿತ್ತೋ ಗೊತ್ತಿಲ್ಲ.

ಏಪ್ರಿಲ್ 12, ಶುಕ್ರವಾರ

ಮಾನ ಹರಾಜಾಯಿತು. ಬರೆದರೆ ಹಗುರಾದೀತು ಎಂದು ಬರೆಯುತ್ತಿದ್ದೇನೆ.

ವರ್ಷಕ್ಕೊಮ್ಮೆ ಇಲ್ಲಿ ಹಳೆಯ ಕಾಲದ ಹಾಗೆಯೇ ಅಣಕು ನ್ಯಾಯಾಲಯ ನಡೆಸುತ್ತಾರೆ. ನ್ಯಾಯಾಧೀಶರ ಕುರ್ಚಿಯಲ್ಲಿ ಜಡ್ಜ್ ಕ್ಲಿಫ್ಟನ್ ಪೇಸ್; ನಿಜವಾಗಿಯೂ ನಿವೃತ್ತ ಜಡ್ಜು, ಈ ಮನೆಯನ್ನು ನಡೆಸುವ ಮಂಡಳಿಯ ಅಧ್ಯಕ್ಷರೂ ಅವರೇ. ಕದ್ದ ಹಂದಿಯ ಕೇಸು. ಹಂದಿಯ ಮಾಲೀಕನ ವಕೀಲನಾಗಬೇಕಿದ್ದ ಹುಡುಗನಿಗೆ ಜ್ವರ ಬಂತು. ಲೋರೇನ್ ನನ್ನನ್ನು ಮುಂದೆ ತಳ್ಳಿದರು.

ಎದ್ದು ನಿಂತೆ. ಜಡ್ಜ್ ನನ್ನತ್ತ ನೋಡಿ "ಹೇಳಿ, ಕೌನ್ಸೆಲ್" ಎಂದರು. ನಾಲ್ಕು ವರ್ಷ ಬಾಯಲ್ಲಿ ಅರೆದದ್ದು ತಾನಾಗಿ ಹೊರಗೆ ಬಿತ್ತು: "ಮೈ ಸೀನಿಯರ್ ಈಸ್ ಇನ್ ಅನದರ್ ಕೋರ್ಟ್, ಯುವರ್ ಆನರ್. ಐ ಪ್ರೇ ಫಾರ್ ಟೈಮ್."

ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಪಾಪ, ಅವರಿಗೇನು ಗೊತ್ತು. ಮೈಸೂರು ಕೋರ್ಟಿನಲ್ಲಿ ನನ್ನ ಸೀನಿಯರ್ ಕರಬಸಪ್ಪನವರು ನನ್ನಿಂದ ಮಾಡಿಸಿದ ವಕೀಲಿಕೆಯೆಂದರೆ ಅಷ್ಟೇ: ಕೇಸು ಕೂಗಿದಾಗ ಓಡಿಹೋಗಿ ವಾಯಿದೆ ಕೇಳುವುದು. ಅದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಮಳೆಗೆ, ಮದುವೆಗೆ, ಸಾಕ್ಷಿಯ ಎಮ್ಮೆ ಕರು ಹಾಕಿದ್ದಕ್ಕೆ ವಾಯಿದೆ ತಂದಿದ್ದೇನೆ. ವಾದ ಮಾಡಲು ಬಿಟ್ಟದ್ದು ಒಂದು ಸಲವೂ ಇಲ್ಲ.

ಜಡ್ಜ್ ಪೇಸ್ ಕಣ್ಣೊರೆಸಿಕೊಳ್ಳುತ್ತಾ, "ಈ ಕೋರ್ಟಲ್ಲಿ ಇನ್ನೂರು ವರ್ಷದಲ್ಲಿ ಯಾರೂ ಟೈಮ್ ಕೇಳಿರ್ಲಿಲ್ಲ. ಮುಂದಿನ ತಾರೀಖಿಗೆ ಹಂದಿ ಬದುಕಿರೋದು ಕಷ್ಟ" ಎಂದರು. ಆಮೇಲೆ ನಾನು ಏನು ವಾದಿಸಿದೆನೋ ನೆನಪಿಲ್ಲ. ಹಂದಿ ಮಾತ್ರ ನಮ್ಮ ಕಡೆಗೇ ಬಂತು.

ಜೂನ್ 8, ಶನಿವಾರ

ಇವತ್ತು ಒಂದು ಸಣ್ಣ ಸುಳ್ಳು ಹೇಳಿದೆ. ಬಹಳ ಚೆನ್ನಾಗಿ ಬಂತು.

ಬಂದಿದ್ದವರು ಗ್ರೀನ್ಸ್‌ಬರೋದ ನಿವೃತ್ತ ಟೀಚರುಗಳು. ಕುದುರೆಯ ಪ್ಯಾರಾ ಬರುವ ಹೊತ್ತಿಗೆ ಇಬ್ಬರು ಕಿಟಕಿಯ ಪರದೆಯ ಬಟ್ಟೆ ಎಷ್ಟು ಗಜ ಹಿಡಿದೀತೆಂದು ಪಿಸುಗುಟ್ಟುತ್ತಿದ್ದರು. ಒಬ್ಬಾಕೆ "ಹೆಂಡತಿ ಏನು ಮಾಡ್ತಿದ್ಲು?" ಎಂದು ಕೇಳಿದರು. ನನ್ನ ಹತ್ತಿರ ಒಂದೇ ಸಾಲು. ಆಗ ಊಟದ ಹಾಲಿನ ಪಕ್ಕದ ಉಗ್ರಾಣದ ಬಾಗಿಲು ಕಣ್ಣಿಗೆ ಬಿತ್ತು. ಅದರಲ್ಲಿ ಸರಿಯಾಗಿ ಕಿವಿಯ ಎತ್ತರಕ್ಕೆ ಒಂದು ತೂತಿದೆ.

ನಡುಮನೆಯ ಮಾತನ್ನು ಅಡುಗೆಮನೆ ಬಾಗಿಲ ಮರೆಯಿಂದ ಕೇಳದ ಹೆಂಗಸು ನಮ್ಮ ಕಡೆ ಯಾರಿದ್ದಾರೆ? ನನ್ನಜ್ಜಿ ಮೂರು ಹೆಣ್ಣುಮಕ್ಕಳ ಮದುವೆ ಮಾತುಕತೆಯನ್ನು ಹಾಗೆಯೇ ನಿಂತು ಕೇಳಿ, ಬೇಡವಾದಾಗ ಒಳಗೆ ಪಾತ್ರೆ ಬೀಳಿಸಿ ಕೆಡಿಸಿದವಳು. ಪೇಷನ್ಸ್ ಏನು ಬೇರೆ ಮಣ್ಣಿನವಳೇ? "ಶುಕ್ರವಾರ ಸಂಜೆ ಹುಡುಗರು ವಾದ ಮಾಡುವಾಗ ಈಕೆ ಈ ಬಾಗಿಲ ಹಿಂದೆ ನಿಂತು ಕಾನೂನು ಕಲಿತಳು. ದಡ್ಡ ವಿದ್ಯಾರ್ಥಿಗಳಿಗೆ ಮಾರನೆಯ ದಿನ ತಿಂಡಿ ಬಡಿಸುವಾಗ ಗುಟ್ಟಾಗಿ ಪಾಯಿಂಟು ಹೇಳಿಕೊಡುತ್ತಿದ್ದಳು" ಎಂದೆ. ಟೀಚರುಗಳು ಒಬ್ಬೊಬ್ಬರಾಗಿ ತೂತಿಗೆ ಕಿವಿ ಇಟ್ಟು ನೋಡಿದರು. ಹೋಗುವಾಗ ಮನೆಯಲ್ಲೇ ಇರುವ ಪುಟ್ಟ ಅಂಗಡಿಯಲ್ಲಿ ಪೇಷನ್ಸ್ ಹೆಸರಿನ ಜಾಮ್ ಖಾಲಿ ಮಾಡಿದರು.

ಜುಲೈ 20, ಶನಿವಾರ

ಕನ್ನಡದವರೆಲ್ಲ ಅಟ್ಲಾಂಟಾದ ಒಲಿಂಪಿಕ್ಸಿಗೆ ಹೋಗಿದ್ದಾರೆ. ಅಲ್ಲೇ ಹತ್ತಿರದ ಲಾರೆನ್ಸ್‌ವಿಲ್‌ನಲ್ಲಿರುವ ರವಿಯ ಅಣ್ಣನ ಮನೆಯಲ್ಲಿ ಹದಿನಾಲ್ಕು ಜನ ಮಲಗಿದ್ದಾರೆಂದು ಕೇಳಿ ನಾವು ಹೋಗಲಿಲ್ಲ. ಬದಲಿಗೆ ರವಿ ನನಗೆ ಡ್ರೈವಿಂಗ್ ಕಲಿಸುತ್ತಿದ್ದಾನೆ. ಪಕ್ಕದ ಸೀಟಿನಲ್ಲಿ ಅವನು ಇಲ್ಲದ ಬ್ರೇಕನ್ನು ಬಲಗಾಲಲ್ಲಿ ಒತ್ತಿ ಒತ್ತಿ ಕಾರಿನ ಮ್ಯಾಟು ಸವೆದಿದೆ.

ಪೇಷನ್ಸ್ ದಿನದಿನಕ್ಕೂ ಬೆಳೆಯುತ್ತಿದ್ದಾಳೆ. ಇವತ್ತು ಒಬ್ಬ ಪುಟ್ಟ ಹುಡುಗಿ ಬಾಗಿಲಿನ ತೂತು ಯಾರು ಮಾಡಿದ್ದು ಎಂದಳು. ಹುಳ ತಿಂದದ್ದು ಎಂದು ಲೋರೇನ್ ನನಗೆ ಹೇಳಿದ್ದರು. ಮಗುವಿಗೆ ಹುಳದ ಕಥೆ ಹೇಳಲು ಮನಸ್ಸು ಬರಲಿಲ್ಲ. ತಲೆಯ ಹೇರ್‌ಪಿನ್ ತೆಗೆದು ದಿನಕ್ಕಿಷ್ಟು ಕೊರೆದಳು ಎಂದೆ. ಗುಂಪಿನಲ್ಲಿ ಊರ ಪತ್ರಿಕೆಯವನೊಬ್ಬ ಇದ್ದ. ಬರೆದುಕೊಂಡ.

ಆಗಸ್ಟ್ 3, ಶನಿವಾರ

ಪತ್ರಿಕೆಯಲ್ಲಿ ನನ್ನ ಫೋಟೋ, ಟೋಪಿ ಸಮೇತ. ವಸಂತಾ ಆಂಟಿ ಹತ್ತು ಪ್ರತಿ ಕೊಂಡು ಸಂಘದಲ್ಲಿ ಹಂಚಿದರು. ಲೋರೇನ್ ಮಾತ್ರ "ಈ ಹೇರ್‌ಪಿನ್ ನನಗೆ ಹೊಸದು" ಎಂದು ನನ್ನನ್ನೇ ನೋಡಿದರು. ನನಗೆ ಇದ್ದಕ್ಕಿದ್ದಂತೆ ಕಿಟಕಿ ಒರೆಸಬೇಕೆನ್ನಿಸಿತು.

ಆಗಸ್ಟ್ 10, ಶನಿವಾರ

ಡರ್ಹಮ್‌ನ ಚರ್ಚೊಂದರಿಂದ ಒಂದು ಬಸ್ಸು ಹೆಂಗಸರು ಬಂದಿದ್ದರು. ಎಲ್ಲರೂ ಕಪ್ಪು ಜನ, ಎಲ್ಲರ ತಲೆಯ ಮೇಲೂ ಒಂದಕ್ಕಿಂತ ಒಂದು ಚೆಂದದ ಹ್ಯಾಟು. ನಾನು ಪೇಷನ್ಸ್ ಕಥೆಯನ್ನು ಉಪ್ಪು ಖಾರ ಹಾಕಿ ಹೇಳಿದೆ. ನಕ್ಕರು, ತೂತಿಗೆ ಕಿವಿಯೂ ಇಟ್ಟರು. ಮಿಸೆಸ್ ಅರ್ನೆಸ್ಟೀನ್ ಎಂಬ ಮುದುಕಿ, ನೇರಳೆ ಹ್ಯಾಟಿನವರು, ಕೋಲೂರಿಕೊಂಡು ನಿಂತು ಕೇಳಿದರು.

"ನೀನು ಟೀಚರಾ ಮಗಳೇ?"

"ಅಲ್ಲ, ಲಾಯರ್."

"ಹಾಗಾದ್ರೆ ಒಂದು ಹೇಳು. ಈ ಯಜಮಾನಿ ಇಲ್ಲಿ ನಿಂತು ಕೇಳ್ತಾ ಇದ್ಲು. ಅಷ್ಟು ಹುಡುಗರಿಗೆ ಅಡುಗೆ ಯಾರು ಮಾಡ್ತಾ ಇದ್ರು?"

ನಾನು ಸ್ಕ್ರಿಪ್ಟಿನಲ್ಲಿದ್ದಂತೆ "ಸೇವಕರು" ಎಂದೆ.

ಆಕೆ ಸಿಟ್ಟಾಗಲಿಲ್ಲ. ನನ್ನ ಟೋಪಿ ನೋಡಿದರು, ಹಿಂದೆ ಇಣುಕುತ್ತಿದ್ದ ಜಡೆ ನೋಡಿದರು. "ಸೇವಕರಾ" ಎಂದಷ್ಟೇ ಹೇಳಿ ಹಿತ್ತಲ ಕಡೆ ನಡೆದರು. ಅಲ್ಲಿ ಇಟ್ಟಿಗೆಯ ಅಡುಗೆಕಟ್ಟಡವಿದೆ, ಮನೆಯಿಂದ ದೂರ. ಅದನ್ನು ನಾವು ಹೊರಗಿನಿಂದಲೇ ತೋರಿಸಿ ಮುಂದೆ ಹೋಗುತ್ತೇವೆ. ಮುದುಕಿ ಬಸ್ಸಿನವನು ಹಾರ್ನ್ ಹಾಕುವವರೆಗೂ ಅದರ ಬಾಗಿಲ ಮುಂದೆ ನಿಂತಿದ್ದರು.

ಆಗಸ್ಟ್ 11, ಭಾನುವಾರ

ಎಂಥ ಪೆದ್ದಿ ನಾನು. ನಮ್ಮ ಮನೆಗಳ ಹಾಗೆ ಇಲ್ಲಿಯೂ ಯಜಮಾನಿ ಸೌಟು ಹಿಡಿದು ಬಾಗಿಲ ಮರೆಯಲ್ಲಿ ನಿಂತಿರುತ್ತಾಳೆ ಎಂದುಕೊಂಡೆ. ಈ ಮನೆಯ ಅಡುಗೆಮನೆ ಮನೆಯೊಳಗೇ ಇಲ್ಲ. ಹುಡುಗರ ತಟ್ಟೆ ಹಿಡಿದು ಆ ಉಗ್ರಾಣದ ಬಾಗಿಲಲ್ಲಿ ನಿಲ್ಲುತ್ತಿದ್ದವರು ಯಾರು ಎಂದು ಹೊಳೆಯಲು ನನಗೊಬ್ಬ ಮುದುಕಿ ಬೇಕಾಯಿತು. ಬಿ.ಎ., ಎಲ್‌ಎಲ್.ಬಿ. ಅಂತೆ.

ನಾಚಿಕೆಯಾಗುತ್ತಿದೆ. ರವಿ ಮಾಡಿಕೊಟ್ಟ ಕಾಫಿ ತಣ್ಣಗಾಯಿತು.

ಆಗಸ್ಟ್ 17, ಶನಿವಾರ

ಲೋರೇನ್‌ರನ್ನು ನೇರವಾಗಿ ಕೇಳಿದೆ.

"ಎಲ್ಲರಿಗೂ ಗೊತ್ತು ಹರಿಣಿ. ಹನ್ನೊಂದು ಜನ ಗುಲಾಮರಿದ್ರು. ಅಡುಗೆಯವಳ ಹೆಸರು ಡೈಲಾ. ಕೌಂಟಿ ಕಚೇರೀಲಿ ವಾರ್ಲಿಕ್ ಅವರ ಉಯಿಲು ಇದೆ, ಅದ್ರಲ್ಲಿ ಅವರೆಲ್ಲರ ಹೆಸರೂ ಇದೆ, ಯಾರು ಬೇಕಾದ್ರೂ ನೋಡಬಹುದು."

"ಮತ್ತೆ ಯಾಕೆ ಹೇಳಲ್ಲ?"

"ಎಲ್ಲರಿಗೂ ಗೊತ್ತಲ್ಲ, ಅದಕ್ಕೇ."

ಈ ಉತ್ತರಕ್ಕೆ ನಾನು ನಗಬೇಕಿತ್ತು. ನಗು ಬರಲಿಲ್ಲ. ಟೀ ತುಂಬ ಸಿಹಿಯಾಗಿತ್ತು.

ಆಗಸ್ಟ್ 24, ಶನಿವಾರ

ಇವತ್ತು ಪೇಷನ್ಸ್ ಕಥೆ ಮುಗಿಸಿದ ಮೇಲೆ ಎಲ್ಲರನ್ನೂ ಹಿತ್ತಲಿಗೆ ಕರೆದುಕೊಂಡು ಹೋಗಿ, ಸೇವಕರಲ್ಲ, ಗುಲಾಮರು ಎಂದೆ. ಡೈಲಾ ಹೆಸರು ಹೇಳಿದೆ. ನ್ಯಾಯ ಎಂದರೇನು ಎಂದು ವಾರ್ಲಿಕ್ ಸಾಹೇಬರು ಹಾಲಿನಲ್ಲಿ ಪಾಠ ಮಾಡುವಾಗ ಈಕೆ ಇಲ್ಲಿ ಅವರ ಮಧ್ಯಾಹ್ನದ ಊಟಕ್ಕೆ ಕೋಳಿ ಸುಲಿಯುತ್ತಿದ್ದಳು ಎಂದೆ. ಕೋಳಿಯ ವಿಷಯ ನನಗೆ ಗೊತ್ತಿಲ್ಲ. ಇನ್ನು ಮೇಲೆ ಕೋಳಿ ಹೇಳುವುದಿಲ್ಲ.

ಗುಂಪಿನ ಹಿಂದೆ ಬೇಸ್‌ಬಾಲ್ ಕ್ಯಾಪಿನ ಒಬ್ಬ ದಪ್ಪ ಮನುಷ್ಯ ನಿಂತಿದ್ದ. ಹೋಗುವಾಗ ನನ್ನ ಕೈ ಕುಲುಕಿ, "ನಾನು ಬಕ್ ವಾರ್ಲಿಕ್. ಆರನೇ ತಲೆಮಾರು. ಪೇಷನ್ಸ್ ಅಜ್ಜಿ ಕಥೆ ಬಹಳ ಚೆನ್ನಾಗಿ ಹೇಳಿದ್ರಿ" ಎಂದ. ಇನ್ನೊಂದರ ಬಗ್ಗೆ ಏನೂ ಹೇಳಲಿಲ್ಲ. ಈತ ದೋಣಿ ಮಾರುವ ವ್ಯಾಪಾರಿ. ಮನೆಯ ಹೊಸ ಚಾವಣಿ ಇವನ ದೇಣಿಗೆ ಎಂದು ಆಮೇಲೆ ಗೊತ್ತಾಯಿತು.

ಸೆಪ್ಟೆಂಬರ್ 3, ಮಂಗಳವಾರ

ಲೋರೇನ್ ಫೋನ್ ಮಾಡಿದ್ದರು. ಸ್ಕ್ರಿಪ್ಟ್ ಬಿಟ್ಟು ಎರಡು ವಿಷಯ ಹೇಳಿದ್ದೇನೆಂದು ಬಕ್ ದೂರು ಕೊಟ್ಟಿದ್ದಾನೆ: ಒಂದು ಉಗ್ರಾಣದ ಕಥೆ, ಇನ್ನೊಂದು ಗುಲಾಮರು. ಶನಿವಾರ ಮಂಡಳಿ ಸೇರುತ್ತದೆ. ನಾನು ಇರಬೇಕೋ ಹೋಗಬೇಕೋ ತೀರ್ಮಾನ.

ರವಿಗೆ ಹೇಳಿದೆ. "ಸ್ಲೇವ್ಸ್ ಅನ್ನೋ ಬದಲು ಸರ್ವೆಂಟ್ಸ್ ಅಂದ್ರೆ ಏನ್ ಗಂಟು ಹೋಗತ್ತೆ ಹರಿಣಿ? ಅವರ ದೇಶ, ಅವರ ಮನೆ. ಗ್ರೀನ್ ಕಾರ್ಡ್ ಬರೋ ತನಕ ಸ್ವಲ್ಪ ಅಡ್ಜಸ್ಟ್ ಮಾಡ್ಕೊ" ಎಂದ. ಅವನ ಮೇಲೆ ರೇಗಿದೆ. ಆಮೇಲೆ ಬಾತ್‌ರೂಮಿನಲ್ಲಿ ಕೂತು ಅತ್ತೆ. ಈ ದೇಶದಲ್ಲಿ ನಾನು ಎದ್ದು ನಿಂತರೆ ನಾಲ್ಕು ಜನ ತಿರುಗಿ ನೋಡುವ ಜಾಗ ವಾರ್ಲಿಕ್ ಮನೆಯೊಂದೇ. ಅದು ಹೋದರೆ ಮತ್ತೆ ಟಿವಿ, ವಾಷಿಂಗ್ ಮಷೀನು, ಸಂಜೆ ಐದೂವರೆಗೆ ಗ್ಯಾರೇಜಿನ ಬಾಗಿಲ ಸದ್ದು. ಆ ಮನೆ ನನಗೆ ಬೇಕು.

ಸೆಪ್ಟೆಂಬರ್ 7, ಶನಿವಾರ

ಫ್ರಾನ್ ಎಂಬ ಚಂಡಮಾರುತ ಬಂದು ಕ್ಯಾರಿಯ ಅರ್ಧ ಮರಗಳನ್ನು ಮಲಗಿಸಿದೆ. ಕರೆಂಟಿಲ್ಲ, ನೀರಿಲ್ಲ. ಅಂಗಳದ ಇದ್ದಿಲ ಗ್ರಿಲ್ ಮೇಲೆ ಅನ್ನ ಮಾಡಿದೆ. ಮಂಡಳಿಯ ಸಭೆ ಮುಂದಕ್ಕೆ ಹೋಯಿತು. ಕೇಳದೆಯೇ ವಾಯಿದೆ ಸಿಕ್ಕಿದ್ದು ಜೀವನದಲ್ಲಿ ಇದೇ ಮೊದಲು. ಎಷ್ಟು ಖುಷಿಯಾಗಬೇಕಿತ್ತೋ ಅಷ್ಟು ಆಗಲಿಲ್ಲ.

ಸೆಪ್ಟೆಂಬರ್ 21, ಶನಿವಾರ

ಎಲ್ಲವನ್ನೂ ಬರೆದಿಡುತ್ತೇನೆ.

ಊಟದ ಹಾಲಿನಲ್ಲೇ ಸಭೆ. ಉದ್ದನೆಯ ಮೇಜಿನ ಸುತ್ತ ಮಂಡಳಿಯವರು, ಮೇಜಿನ ತುದಿಯ ಕುರ್ಚಿಯಲ್ಲಿ ಜಡ್ಜ್ ಪೇಸ್, ಪಕ್ಕದಲ್ಲಿ ಬಕ್. ಲೋರೇನ್ ಟೀ ಹಂಚಿ ಗೋಡೆಗೆ ಒರಗಿ ನಿಂತರು, ಅವರಿಗೆ ಮತವಿಲ್ಲ. ಶನಿವಾರವಾದ್ದರಿಂದ ರವಿಯೂ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ.

ಜಡ್ಜ್ ಒಳ್ಳೆಯವರು. "ಚಂಡಮಾರುತದ ಗಡಿಬಿಡೀಲಿ ನಿಮಗೆ ತಯಾರಾಗೋಕೆ ಆಗಿರ್ಲಿಕ್ಕಿಲ್ಲ. ಟೈಮ್ ಬೇಕಾದ್ರೆ ಅಕ್ಟೋಬರಿಗೆ ಹಾಕೋಣ. ನಿಮ್ಮ ಪರವಾಗಿ ಮಾತಾಡೋಕೆ ಯಾರನ್ನಾದ್ರೂ ಕರ್ಕೊಂಡು ಬನ್ನಿ" ಎಂದರು.

ಬೇಡ, ನಾನೇ ಲಾಯರ್, ಈಗಲೇ ಮಾತಾಡುತ್ತೇನೆ ಎಂದೆ. ಇಡ್ಲಿಗೆ ನೆನೆಹಾಕಿ ಬಂದಿದ್ದೆ, ಹೋಗಿ ರುಬ್ಬುವುದಿತ್ತು.

ಮೊದಲು, ಎರಡು ಆರೋಪಗಳನ್ನು ಒಂದೇ ಗಂಟು ಕಟ್ಟಬೇಡಿ, ಬೇರೆ ಬೇರೆಯಾಗಿ ವಿಚಾರಿಸಿ ಎಂದೆ. ಜಡ್ಜ್ ಒಪ್ಪಿದರು. ಉಗ್ರಾಣದ ಕಥೆಗೆ ಏನು ಆಧಾರ ಎಂದು ಕೇಳಿದರು.

"ಯಾವ ಆಧಾರವೂ ಇಲ್ಲ. ನಾನೇ ಕಟ್ಟಿದ್ದು. ತಪ್ಪು."

ಆಗ ಬಕ್ ಕೆಮ್ಮಿದ. "ಅದರ ಮೇಲೆ ನಾನು ಕೊಟ್ಟ ದೂರು ವಾಪಸ್ ತಗೋತೀನಿ. ಯೋಚನೆ ಮಾಡಿದ ಮೇಲೆ ನೆನಪಾಯ್ತು. ಉಗ್ರಾಣದ ಕಥೆ ನಿಜ. ನಮ್ಮ ಅಜ್ಜಿ ಹೇಳ್ತಿದ್ರು."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಹಿಂದಿನ ಬೆಂಚಿನಿಂದ ರವಿ ಕಣ್ಣು ಅಗಲಿಸಿ, ಸುಮ್ಮನಿರು ಎಂದು ಕೈ ಸನ್ನೆ ಮಾಡುತ್ತಿದ್ದ. ಮಂಡಳಿಯವರ ಮುಖಗಳೂ ಅರಳಿದವು. ಸುಮ್ಮನೆ ಕೂತಿದ್ದರೆ ಒಂದು ಆರೋಪ ಬಿದ್ದೇ ಹೋಗುತ್ತಿತ್ತು. ಆದರೆ ಈ ಕಥೆ ನಿಜವಾಗಿ ನಿಂತರೆ, ಡೈಲಾಳ ಮಾತೂ ಹೀಗೇ ಯಾರೋ ಕಟ್ಟಿದ್ದು ಎಂದು ನಾಳೆ ಇವರೇ ಹೇಳುತ್ತಾರೆ. ಪಾಟೀಸವಾಲಿಗೆ ಅನುಮತಿ ಕೇಳಿದೆ. ಜಡ್ಜ್ ಹುಬ್ಬೇರಿಸಿ ತಲೆಯಾಡಿಸಿದರು.

"ಮಿಸ್ಟರ್ ವಾರ್ಲಿಕ್, ಅಜ್ಜಿ ಹೇಳಿದಾಗ ನಿಮಗೆಷ್ಟು ವಯಸ್ಸು?"

"ಆರೋ ಏಳೋ."

"ಬಾಗಿಲಿನ ತೂತಿನ ಬಗ್ಗೆಯೂ ಹೇಳಿದ್ರಾ?"

"ಹೇಳಿದ್ರು. ಹೇರ್‌ಪಿನ್ನಲ್ಲಿ ಕೊರೆದದ್ದು. ದಿನಕ್ಕಿಷ್ಟು."

"ಹೇರ್‌ಪಿನ್ನೇ ಅಂತ ಖಂಡಿತಾನಾ? ಚಾಕು, ಸೂಜಿ ಅಲ್ಲ?"

"ಹೇರ್‌ಪಿನ್ನೇ. ಅಜ್ಜಿ ಕೈಯಲ್ಲಿ ಹೀಗೆ ತಿರುಗಿಸಿ ತೋರಿಸ್ತಿದ್ರು."

"ಆ ಹೇರ್‌ಪಿನ್ನನ್ನು ಈ ಜುಲೈನಲ್ಲಿ ನಾನು ಸೇರಿಸಿದ್ದು, ಮಿಸ್ಟರ್ ವಾರ್ಲಿಕ್. ಒಂದು ಮಗು ಕೇಳಿದ್ದಕ್ಕೆ. ತೂತು ಹುಳ ತಿಂದದ್ದು. ಬೇಕಾದ್ರೆ ಲೋರೇನ್‌ರನ್ನ ಕೇಳಿ."

ಯಾರೂ ಲೋರೇನ್‌ರನ್ನು ಕೇಳಲಿಲ್ಲ. ಲೋರೇನ್ ಟೀ ಜಗ್ಗಿನ ಹಿಂದೆ ಮುಖ ಮುಚ್ಚಿಕೊಂಡಿದ್ದರು. ಬಕ್ ಕ್ಯಾಪು ತೆಗೆದು ತಲೆ ಕೆರೆದುಕೊಂಡ. ಅವನ ಕಿವಿ ಕೆಂಪಾಗಿತ್ತು, ನೋಡಿ ಅಯ್ಯೋ ಅನ್ನಿಸಿತು. ನನ್ನ ಕಡೆಯ ಒಬ್ಬನೇ ಸಾಕ್ಷಿಯನ್ನು ನಾನೇ ಮುಗಿಸಿದ್ದೆ.

"ಈಗ ಎರಡನೆಯದು. ನಾನು ಸೇವಕರು ಅನ್ನಲಿಲ್ಲ, ಗುಲಾಮರು ಅಂದೆ. ಅದು ಸುಳ್ಳು ಅಂತ ನಿಮ್ಮಲ್ಲಿ ಯಾರಾದರೂ ಹೇಳ್ತೀರಾ?"

ಯಾರೂ ಸುಳ್ಳು ಎನ್ನಲಿಲ್ಲ. ಒಬ್ಬಾಕೆ ಮಾತ್ರ, "ಸುಳ್ಳು ಅಂತಲ್ಲ ಡಿಯರ್. ಜನ ಶನಿವಾರ ಮಕ್ಕಳನ್ನ ಕರ್ಕೊಂಡು ಬರ್ತಾರೆ. ಖುಷಿಯಾಗಿ ಮನೆಗೆ ಹೋಗ್ಲಿ ಅಂತ" ಎಂದರು.

ಮತಕ್ಕೆ ಹಾಕಿದರು. ಜಡ್ಜ್ ಪೇಸ್ ಮತ್ತು ಮೂಲೆಯ ಒಬ್ಬ ಲೈಬ್ರರಿಯನ್ ನನ್ನ ಕಡೆ, ಉಳಿದವರೆಲ್ಲ ಆಚೆ ಕಡೆ. ತೀರ್ಪು ಹೀಗಿದೆ: ಉಗ್ರಾಣದ ಕಥೆ ಜನಕ್ಕೆ ಇಷ್ಟವಾಗಿರುವುದರಿಂದ, "ಮನೆತನದ ನಂಬಿಕೆ" ಎಂದು ಸೇರಿಸಿ ಸ್ಕ್ರಿಪ್ಟಿನಲ್ಲಿ ಹಾಕುವುದು. ಸೇವಕರು ಎಂಬುದು ಸೇವಕರೇ. ಹಾಗೆ ಹೇಳಲು ಒಪ್ಪಿದರೆ ನಾನು ಇರಬಹುದು.

ನನ್ನ ಸುಳ್ಳನ್ನು ಇಟ್ಟುಕೊಂಡು ನಿಜವನ್ನು ಕೈಬಿಟ್ಟರು. ಮೈಸೂರಿನಲ್ಲಿ ಇಂಥ ತೀರ್ಪು ಬಂದಿದ್ದರೆ ಕ್ಯಾಂಟೀನಿನಲ್ಲಿ ಮೂರು ದಿನ ನಗುತ್ತಿದ್ದೆವು. ಟೋಪಿ ಬಿಚ್ಚಿ ಮೇಜಿನ ಮೇಲಿಟ್ಟು ಬಂದೆ. ಜಡ್ಜ್ ಬಾಗಿಲವರೆಗೂ ಬಂದು ಏನೋ ಹೇಳಿದರು. ಅಳು ಬರುತ್ತಿತ್ತು, ಸರಿಯಾಗಿ ಕೇಳಲಿಲ್ಲ.

ಕಾರಿನಲ್ಲಿ ರವಿ ಮೊದಲು ರೇಡಿಯೊ ಆರಿಸಿದ. ಆಮೇಲೆ, "ಆ ಹೇರ್‌ಪಿನ್ ಕೇಳಿದ್ಯಲ್ಲ, ಅದನ್ನ ಮೊದಲೇ ಪ್ಲಾನ್ ಮಾಡಿದ್ಯಾ?" ಎಂದ. ಇಲ್ಲ ಎಂದೆ. "ನಂಗೆ ಭಯ ಆಯ್ತು ನಿನ್ನ ನೋಡಿ" ಎಂದ. ಇಡ್ಲಿ ಹಿಟ್ಟನ್ನು ಅವನೇ ರುಬ್ಬಿದ, ಗಟ್ಟಿಯಾಯಿತು.

ಸೆಪ್ಟೆಂಬರ್ 28, ಶನಿವಾರ

ಹೋಗಲು ಜಾಗವೇ ಇಲ್ಲ. ಕಪಾಟು ಜೋಡಿಸಿದೆ.

ಅಕ್ಟೋಬರ್ 12, ಶನಿವಾರ

ಹೋದ ವಾರ ವಸಂತಾ ಆಂಟಿ ಫೋನಿನಲ್ಲಿ, "ನಿನ್ನನ್ನ ಗೈಡ್ ಕೆಲಸದಿಂದ ತೆಗೆದ್ರು ಸರಿ. ಟಿಕೆಟ್ ತಗೊಂಡು ಒಳಗೆ ಹೋಗೋಕೆ ಯಾರು ಬೇಡ ಅಂತಾರೆ? ಈ ಸಲ ಲೇಡೀಸ್ ಟ್ರಿಪ್ ಅಲ್ಲಿಗೇ" ಎಂದರು. ಸಂಘದ ಹೆಂಗಸರು ಪ್ರತಿ ವರ್ಷ ಔಟ್‌ಲೆಟ್ ಮಾಲಿಗೆ ಹೋಗಿ ಸೂಟ್‌ಕೇಸ್ ಕೊಳ್ಳುವವರು. ಒಬ್ಬರೂ ಚಕಾರ ಎತ್ತಲಿಲ್ಲ. ಆಂಟಿಯ ಎದುರು ಎತ್ತಿದವರಿಗೆ ಯುಗಾದಿಗೆ ಒಬ್ಬಟ್ಟು ಸಿಗುವುದಿಲ್ಲ.

ದೊಡ್ಡ ವ್ಯಾನ್ ಬಾಡಿಗೆಗೆ ತಂದೆವು. ನಾನೇ ಓಡಿಸಿದೆ. ರವಿ ಕೊನೆಯ ಸೀಟಿನಲ್ಲಿ ಪುಳಿಯೋಗರೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋದ.

ಮನೆ ತೋರಿಸಿದವರು ಲೋರೇನ್. ನನ್ನ ಜಾಗಕ್ಕೆ ಇನ್ನೂ ಯಾರೂ ಸಿಕ್ಕಿಲ್ಲವಂತೆ. ಸೀರೆ, ಸ್ವೆಟರು, ಸ್ನೀಕರ್ಸಿನ ಗುಂಪಿನ ನಡುವೆ ನನ್ನನ್ನು ನೋಡಿ ಅರೆಕ್ಷಣ ತಡವರಿಸಿದರು. ಆಮೇಲೆ ಬೇರೆ ಯಾರನ್ನೋ ನೋಡುವಂತೆ ನನ್ನನ್ನು ನೋಡುತ್ತಾ ಸ್ಕ್ರಿಪ್ಟ್ ಶುರು ಮಾಡಿದರು. ನಾನು ತುಟಿ ಬಿಚ್ಚಬಾರದೆಂದು ತೀರ್ಮಾನಿಸಿಕೊಂಡೇ ಹೋಗಿದ್ದೆ. ಬಿಚ್ಚಲಿಲ್ಲ ಕೂಡ. ಉಗ್ರಾಣದ ಕಥೆ ಬಂತು. ನನಗಿಂತ ಚೆನ್ನಾಗಿ ಹೇಳಿದರು.

"ಮನೆಯ ಸೇವಕರ ನೆರವಿನಿಂದ" ಎಂಬ ಸಾಲು ಬಂದಾಗ ವಸಂತಾ ಆಂಟಿ ಕೈ ಎತ್ತಿದರು. ಅಂಗಡಿಯಲ್ಲಿ ಬೆಲೆ ಕೇಳುವಾಗ ಬಿಟ್ಟರೆ ಅವರು ಇಂಗ್ಲಿಷಿನಲ್ಲಿ ಮಾತಾಡಿದ್ದನ್ನು ನಾನು ಕಂಡಿಲ್ಲ. ನಾನು ಹೇಳಿಕೊಟ್ಟದ್ದಲ್ಲ, ದೇವರ ಸತ್ಯ. ಅವರಿಗೆ ಕೆಲಸದವರ ವಿಷಯ ಬಂದರೆ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ, ಜಯನಗರದಲ್ಲಿದ್ದಾಗಿನಿಂದ.

"ಸರ್ವೆಂಟ್ಸ್‌ಗೆ ಸ್ಯಾಲರಿ ಹೌ ಮಚ್ ಗಿವಿಂಗ್?"

ಲೋರೇನ್ ಕೈಯಲ್ಲಿದ್ದ ಹಾಳೆ ನೋಡಿದರು. ತಿರುವಿ ಹಿಂದಿನ ಪುಟ ನೋಡಿದರು. ಆಂಟಿ ಬಿಡಲಿಲ್ಲ. "ಕುಕ್‌ಗೆ? ಮಂತ್ಲಿ?"

ಲೋರೇನ್ ಕನ್ನಡಕ ತೆಗೆದರು. ನನ್ನ ಕಡೆ ನೋಡಲೇ ಇಲ್ಲ, ಆಂಟಿಯನ್ನೇ ನೋಡುತ್ತಾ ನಿಧಾನವಾಗಿ ಹೇಳಿದರು: "ಏನೂ ಕೊಡ್ತಿರ್ಲಿಲ್ಲ ಮ್ಯಾಮ್. ಅವಳನ್ನ ಕೊಂಡುಕೊಂಡಿದ್ರು. ಅವಳ ಹೆಸರು ಡೈಲಾ."

ಆಂಟಿಗೆ ಆ ದಕ್ಷಿಣದ ಉಚ್ಚಾರ ಹಿಡಿಯಲಿಲ್ಲ. ನನ್ನ ತೋಳು ಜಗ್ಗಿ "ಏನಂದ್ರೇ?" ಎಂದರು. ಎಲ್ಲ ಹೆಂಗಸರೂ ನನ್ನತ್ತ ತಿರುಗಿದರು. ಹೇಳಿದೆ, ಕನ್ನಡದಲ್ಲಿ. ಸಂಬಳವಿರಲಿಲ್ಲ, ಆಕೆಯನ್ನು ದುಡ್ಡು ಕೊಟ್ಟು ತಂದಿದ್ದರು, ಹಿತ್ತಲಲ್ಲಿ ಕಾಣುತ್ತದಲ್ಲ ಅದೇ ಆಕೆಯ ಅಡುಗೆಮನೆ ಎಂದು. ಇಂಗ್ಲಿಷಿನಲ್ಲಿ ಅಷ್ಟು ಸಲ ಹೇಳಿದ ಮಾತು ಕನ್ನಡದಲ್ಲಿ ಬಾಯಿಂದ ಸುಲಭವಾಗಿ ಬರಲಿಲ್ಲ.

ಆಂಟಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿಗೆ ನಡೆದರು. ಹಿಂದೆ ನಾವೆಲ್ಲ, ನಮ್ಮ ಹಿಂದೆ ಲೋರೇನ್. ಅಡುಗೆಕಟ್ಟಡದ ಬಾಗಿಲಿಗೆ ಅಡ್ಡ ಕಟ್ಟಿದ್ದ ಹಗ್ಗವನ್ನು ಆಂಟಿ ಬಿಚ್ಚಿ ಪಕ್ಕಕ್ಕಿಟ್ಟರು. ಹೊಸ್ತಿಲ ಹೊರಗೆ ಬಗ್ಗಿ, ಮಂಡಿನೋವಿಗೆ ಉಸ್ಸೆನ್ನುತ್ತಾ, ಸ್ನೀಕರ್ಸ್ ಬಿಚ್ಚಿ ಜೋಡಿಸಿಟ್ಟು ಒಳಗೆ ಹೋಗಿ ಒಲೆಯ ಮುಂದೆ ನಿಂತರು. ಉಳಿದವರೂ ಬಿಚ್ಚಿದರು. ನಾನೂ ಬಿಚ್ಚಿದೆ.

ಲೋರೇನ್ ಹೊರಗೆ ನಿಂತು ಆ ಚಪ್ಪಲಿ ಬೂಟುಗಳ ಸಾಲನ್ನು ನೋಡಿದರು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಒಂದೊಂದೇ ಕಾಲೆತ್ತಿ ತಮ್ಮ ಬೂಟನ್ನೂ ಕಳಚಿ, ಆಂಟಿಯ ಸ್ನೀಕರ್ಸ್ ಪಕ್ಕದಲ್ಲಿಟ್ಟು ಒಳಗೆ ಬಂದರು. ಇಟ್ಟಿಗೆಯ ನೆಲ ತಣ್ಣಗಿತ್ತು.